ಮನೆಯವರ ಪರೀಕ್ಷೆಗೆ ಜೊತೆ ಹೋಗುವುದು: ಮುಂಬಯಿ ಕನ್ನಡಿಗರಿಗೆ ಹಂತ ಹಂತದ ಮಾರ್ಗದರ್ಶಿ

ಪರೀಕ್ಷೆಗೆಂದು ನಾಲ್ಕು ಜನ ಜೊತೆ ಹೋಗುತ್ತಾರೆ. ಸಂಜೆ ಮನೆಗೆ ಬಂದಾಗ "ಡಾಕ್ಟರು ಏನಂದರು?" ಎಂದು ಕೇಳಿದರೆ ನಾಲ್ಕು ಬೇರೆ ಬೇರೆ ಉತ್ತರ. ಇಲ್ಲವೇ ಡೊಂಬಿವಲಿಯಿಂದ ಪರೇಲಿನವರೆಗೆ ಹೋಗಿ, ದಾರಿಯಲ್ಲಿ ಅರ್ಧ ಕಪ್ ಚಹಾ ಕುಡಿದದ್ದಕ್ಕೆ ರಕ್ತ ಕೊಡದೆ ವಾಪಸು. ಇನ್ನು ಕೆಲವು ಮನೆಗಳಲ್ಲಿ ವರದಿಯ ಫೋಟೊ ಡಾಕ್ಟರಿಗಿಂತ ಮೊದಲು ಊರಿನ ವಾಟ್ಸ್ಯಾಪ್ ಗುಂಪು ಸೇರಿರುತ್ತದೆ. ಪ್ರೀತಿ ಎಲ್ಲರಿಗೂ ಇರುತ್ತದೆ. ಯಾರ ಕೆಲಸ ಯಾವುದು, ಯಾವುದಾದ ಮೇಲೆ ಯಾವುದು ಎಂಬುದನ್ನು ಮಾತ್ರ ಯಾರೂ ಮೊದಲೇ ಗೊತ್ತು ಮಾಡಿಕೊಂಡಿರುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ತಯಾರಿಯ ವಿಷಯದಲ್ಲಿ ನಿಮ್ಮ ಡಾಕ್ಟರು ಅಥವಾ ಲ್ಯಾಬಿನವರು ಬೇರೆ ಹೇಳಿದ್ದರೆ ಅವರ ಮಾತೇ ಕೊನೆ.

ಕೈಯಲ್ಲಿ ಇರಬೇಕಾದ ಸಾಮಾನು

ಪ್ಲಾಸ್ಟಿಕ್ ಹಾಳೆಗಳಿರುವ ಒಂದು ಫೈಲು, 100 ಪುಟದ ನೋಟ್‌ಬುಕ್ಕು, ಪೆನ್ನು. ಆಧಾರ್ ಮತ್ತು ರೇಶನ್ ಕಾರ್ಡಿನ ಎರಡೆರಡು ಝೆರಾಕ್ಸ್. ಚಾರ್ಜರು, ನೀರಿನ ಬಾಟಲಿ, ತೆಳು ಶಾಲು (ಎಂಆರ್‌ಐ ಮತ್ತು ಸಿಟಿ ಕೋಣೆಗಳಲ್ಲಿ ಎಸಿ ಜೋರಾಗಿರುತ್ತದೆ). ರಕ್ತ ಕೊಟ್ಟ ಕೂಡಲೇ ತಿನ್ನಲು ಡಬ್ಬಿಯಲ್ಲಿ ಇಡ್ಲಿಯೋ ಚಪಾತಿಯೋ. ಸಕ್ಕರೆ ಕಾಯಿಲೆ ಇದ್ದವರಿಗೆ ಒಂದು ಪೊಟ್ಟಣ ಗ್ಲೂಕೋಸ್ ಪುಡಿ; ಇದನ್ನು ಮರೆಯುವಂತಿಲ್ಲ. 500 ರೂಪಾಯಿ ಚಿಲ್ಲರೆಯಾಗಿ ಇಟ್ಟುಕೊಳ್ಳಿ. ಸರಕಾರಿ ಆಸ್ಪತ್ರೆಯ ಕೇಸ್ ಪೇಪರ್ ಕಿಟಕಿಯಲ್ಲಿ ದೊಡ್ಡ ನೋಟು ಕೊಟ್ಟರೆ ಸಾಲು ಅಲ್ಲೇ ನಿಲ್ಲುತ್ತದೆ.

ಹಂತ 1: ಮೊದಲು ಅವರನ್ನೇ ಕೇಳಿ

ಅಪಾಯಿಂಟ್‌ಮೆಂಟ್ ತೆಗೆಯುವ ಮುಂಚೆ ಮೂರು ಪ್ರಶ್ನೆ. ಯಾರು ಜೊತೆ ಬರಬೇಕು? ಯಾರಿಗೆ ಗೊತ್ತಾಗಬಹುದು, ಯಾರಿಗೆ ಆಗಬಾರದು? ವರದಿಯಲ್ಲಿ ಏನೇ ಬಂದರೂ ಪೂರ್ತಿ ತಿಳಿಯಬೇಕೋ, ಮುಂದಿನ ಕೆಲಸ ಮಾತ್ರ ಸಾಕೋ?

ಮೂರನೆಯದನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ವರದಿ ಬಂದ ಮೇಲೆ ಮಗ ಡಾಕ್ಟರ ಕೋಣೆಯ ಹೊರಗೆ ನಿಂತು "ಅಮ್ಮನಿಗೆ ಹೇಳಬೇಡಿ" ಎಂದು ಕೈಮುಗಿಯುತ್ತಾನೆ. ಅಮ್ಮನಿಗೆ ಎದುರಿಗಿದ್ದವರ ಮುಖ ನೋಡಿಯೇ ಅರ್ಥವಾಗಿರುತ್ತದೆ, ಆದರೆ ಮಾತಾಡಲು ಯಾರೂ ಇರುವುದಿಲ್ಲ. ವರದಿ ಕೈಗೆ ಬರುವ ಮೊದಲೇ ಕೇಳಿದರೆ ಉತ್ತರ ನಿರಾಳವಾಗಿ ಬರುತ್ತದೆ: "ಅತ್ತೆ, ರಿಪೋರ್ಟ್ ಬಂದ ಮೇಲೆ ಡಾಕ್ಟರು ನಿಮ್ಮ ಹತ್ತಿರವೇ ಹೇಳಬೇಕಾ, ನಾವು ಕೇಳಿ ಆಮೇಲೆ ಹೇಳಿದರೆ ಆಗ್ತದಾ?" ಅವರು ಏನು ಹೇಳುತ್ತಾರೋ ಅದನ್ನು ನಡೆಸಿಕೊಡಿ. ದೇಹ ಅವರದು, ಅವರ ತೀರ್ಮಾನವನ್ನು ನಿಮ್ಮ ಅನುಕೂಲಕ್ಕೆ ಬದಲಿಸುವ ಹಾಗಿಲ್ಲ.

ಸ್ತನ, ಗರ್ಭಕೋಶ, ಮೂತ್ರದ ದಾರಿಯ ಪರೀಕ್ಷೆಗಳಿದ್ದರೆ ಯಾರ ಎದುರು ಮುಜುಗರವಿಲ್ಲವೋ ಅವರೇ ಹೋಗಲಿ. ಅತ್ತೆಯ ಮ್ಯಾಮೊಗ್ರಫಿಗೆ ಅಳಿಯ ಕಾರು ಓಡಿಸಬಹುದು, ಒಳಗೆ ಮಗಳೋ ಪಕ್ಕದ ಮನೆಯವರೋ ಇರಲಿ. ಪುರುಷ ಡಾಕ್ಟರು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಇರಲಿ ಎಂದು ಕೇಳುವುದು ರೋಗಿಯ ಹಕ್ಕು. ಎಚ್‌ಐವಿ ಪರೀಕ್ಷೆಗೆ 2017ರ ಕಾಯಿದೆ ಪ್ರಕಾರ ರೋಗಿಯ ಒಪ್ಪಿಗೆ ಬೇಕು, ಫಲಿತಾಂಶವೂ ಗುಟ್ಟಾಗಿರಬೇಕು. ಜೊತೆ ಹೋದವರು ಅದನ್ನು ಕೇಳಿ ತೆಗೆಯಲು ಹೋಗಬೇಡಿ.

ಹಂತ 2: ಕೆಲಸ ಹಂಚಿ, ಮೂರೇ ಜನ ಸಾಕು

ಒಬ್ಬರು ಜೊತೆಗಾರ: ದೈಹಿಕವಾಗಿ ಪಕ್ಕದಲ್ಲಿರುವವರು. ಒಬ್ಬರು ಬರೆಯುವವರು: ಫೈಲು, ನೋಟ್‌ಬುಕ್ಕು, ಡಾಕ್ಟರ ಮಾತು ಇವರದು. ಇನ್ನೊಬ್ಬರು ಸುದ್ದಿ ನೋಡಿಕೊಳ್ಳುವವರು. ಉಡುಪಿಯಿಂದ, ವಿಜಯಪುರದಿಂದ, ದುಬೈಯಿಂದ ಬರುವ ಫೋನುಗಳೆಲ್ಲ ಇವರಿಗೇ ಹೋಗಬೇಕು. ಇವರು ಆಸ್ಪತ್ರೆಗೆ ಬರುವ ಅಗತ್ಯವೂ ಇಲ್ಲ, ಊರಲ್ಲೇ ಇದ್ದರೂ ನಡೆಯುತ್ತದೆ. ಫೋನು ರೋಗಿಗೆ ನೇರವಾಗಿ ಬರುತ್ತಿದ್ದರೆ ಒಂದೇ ಕಥೆಯನ್ನು ಹತ್ತು ಬಾರಿ ಹೇಳಿ, ಪ್ರತಿ ಬಾರಿಯೂ ಇನ್ನೊಬ್ಬರ ಅಳು ಸಮಾಧಾನ ಮಾಡುವ ಕೆಲಸ ರೋಗಿಯ ಮೇಲೇ ಬೀಳುತ್ತದೆ.

ಹೋಟೆಲಲ್ಲಿ ಕೆಲಸ ಮಾಡಿಕೊಂಡು ಒಂಟಿಯಾಗಿರುವ ಹುಡುಗರಿಗೆ ಮನೆಯವರು ಇಲ್ಲಿರುವುದಿಲ್ಲ. ಜೊತೆಗಾರ ಅಂದರೆ ರೂಮ್‌ಮೇಟೇ. ಅಂಥವರು ಎರಡು ವಿಷಯ ತಿಳಿದಿರಲಿ. ರೋಗಿಗೆ ಪ್ರಜ್ಞೆ ಇದ್ದು 18 ದಾಟಿದ್ದರೆ ಒಪ್ಪಿಗೆ ಪತ್ರಕ್ಕೆ ಅವನ ಸಹಿಯೇ ನಡೆಯುತ್ತದೆ, ನೀವು ಸಂಬಂಧಿಕರೆಂದು ಸುಳ್ಳು ಬರೆಯಬೇಡಿ. ಊರಿನ ಒಂದು ಫೋನ್ ನಂಬರನ್ನು ಮಾತ್ರ ಕೇಸ್ ಪೇಪರಿನ ಹಿಂದೆ ಬರೆದಿಡಿ. ರಾತ್ರಿ ಪಾಳಿ ಮುಗಿಸಿ ನೇರವಾಗಿ ರಕ್ತ ಕೊಡಲು ಹೋಗಬೇಡಿ, ನಿದ್ದೆ ಆದ ದಿನ ಹೋಗಿ.

ಹಂತ 3: ಫೈಲು ಕಟ್ಟಿ

ಮೊದಲ ಪುಟದಲ್ಲಿ ಒಂದೇ ಹಾಳೆ: ಹೆಸರು, ವಯಸ್ಸು, ಈಗ ತೆಗೆದುಕೊಳ್ಳುವ ಪ್ರತಿ ಮಾತ್ರೆಯ ಹೆಸರು ಮತ್ತು ಮಿಲಿಗ್ರಾಂ, ಹಿಂದಿನ ಆಪರೇಶನ್‌ಗಳು, ಯಾವ ಮದ್ದು ಒಗ್ಗುವುದಿಲ್ಲ. ಆಯುರ್ವೇದದ ಚೂರ್ಣ, ಊರಿನಿಂದ ತರಿಸಿದ ಕಷಾಯ, ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಎಲ್ಲವೂ ಬರಲಿ. "ಅದು ಮದ್ದಲ್ಲ" ಎಂದು ಬಿಟ್ಟದ್ದೇ ಹೆಚ್ಚಾಗಿ ವರದಿ ಕೆಡಿಸುತ್ತದೆ. ಹಳೆಯ ವರದಿಗಳನ್ನು ಹೊಸದು ಮೇಲೆ ಬರುವಂತೆ ದಿನಾಂಕದ ಪ್ರಕಾರ ಜೋಡಿಸಿ. ಕೈಯಲ್ಲಿ ಬರೆದ ಚೀಟಿಗಳ ಫೋಟೊ ತೆಗೆದಿಡಿ. ಮುಂಬಯಿ ಮಳೆಯಲ್ಲಿ ಕೇಸ್ ಪೇಪರ್ ಉಳಿಯುವುದಿಲ್ಲ.

ಹಂತ 4: ಚೀಟಿಯಲ್ಲಿ ಏನಿದೆ ಓದಿ, ಅದಕ್ಕೆ ತಕ್ಕ ತಯಾರಿ ಮಾಡಿ

ಹೆಚ್ಚು ಜನ ಸೋಲುವುದು ಇಲ್ಲೇ. ಎಲ್ಲ ಪರೀಕ್ಷೆಗೂ "ಖಾಲಿ ಹೊಟ್ಟೆ" ಎಂದುಕೊಳ್ಳುವುದು ತಪ್ಪು, ಯಾವುದಕ್ಕೂ ಬೇಡ ಎನ್ನುವುದೂ ತಪ್ಪು.

ಫಾಸ್ಟಿಂಗ್ ಶುಗರ್: ಕನಿಷ್ಠ 8 ಗಂಟೆ ಏನೂ ತಿನ್ನಬಾರದು. ನೀರು ಕುಡಿಯಬಹುದು, ಕುಡಿಯಲೇಬೇಕು. ನೀರಿಲ್ಲದಿದ್ದರೆ ನರ ಸಿಗದೆ ಎರಡೆರಡು ಬಾರಿ ಚುಚ್ಚುತ್ತಾರೆ. ಸಕ್ಕರೆ ಹಾಕದ ಚಹಾ, ಎಲೆ-ಅಡಿಕೆ, ಗುಟ್ಕಾ, ಸಿಗರೇಟು ಯಾವುದೂ ಬೇಡ. ಕೊಲೆಸ್ಟ್ರಾಲ್‌ಗೆ ಉಪವಾಸ ಕೇಳಿದ್ದರೆ 9ರಿಂದ 12 ಗಂಟೆ. ಹೆಚ್ಚು ಉಪವಾಸವಿದ್ದರೆ ಹೆಚ್ಚು ಒಳ್ಳೆಯದೆಂದೇನಿಲ್ಲ. ಏಕಾದಶಿ ಪೂರ್ತಿ ಮಾಡಿ ದ್ವಾದಶಿ ಬೆಳಗ್ಗೆ ಪಾರಣೆಗೆ ಮುಂಚೆ ರಕ್ತ ಕೊಟ್ಟರೆ ಬರುವ ಅಂಕಿ ಅವರ ದಿನನಿತ್ಯದ ಅಂಕಿಯಲ್ಲ. ಮದುವೆ ಊಟದ ಮರುದಿನವೂ ಬೇಡ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಏರಿರುತ್ತದೆ.

ಊಟದ ನಂತರದ ಶುಗರ್: 2 ಗಂಟೆಯ ಲೆಕ್ಕ ಊಟದ ಮೊದಲ ತುತ್ತಿನಿಂದ. ಮುಗಿಸಿದ ಮೇಲೆ ಎಣಿಸುವುದೇ ಎಲ್ಲರ ಅಭ್ಯಾಸ, ಅದು ತಪ್ಪು. ಮಧ್ಯೆ ಬಿಸ್ಕತ್ತೂ ಬೇಡ, ಶುಗರ್ ಇಳಿಸಲೆಂದು ವಾಕಿಂಗೂ ಬೇಡ. ಎಚ್‌ಬಿಎ1ಸಿಗೆ ಉಪವಾಸ ಬೇಕಿಲ್ಲ, ಅದು ಹಿಂದಿನ 2-3 ತಿಂಗಳ ಸರಾಸರಿ ತೋರಿಸುತ್ತದೆ. ರಕ್ತಹೀನತೆ ಇದ್ದವರಲ್ಲಿ, ಇತ್ತೀಚೆಗೆ ರಕ್ತ ಏರಿಸಿಕೊಂಡವರಲ್ಲಿ ಅದನ್ನು ಪೂರ್ತಿ ನಂಬುವ ಹಾಗಿಲ್ಲ, ಡಾಕ್ಟರಿಗೆ ತಿಳಿಸಿ.

ಬೆಳಗಿನ ಮಾತ್ರೆಗಳು: ಖಾಲಿ ಹೊಟ್ಟೆಯಲ್ಲಿ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಲ್ಯಾಬಿನ ಸಾಲಿನಲ್ಲಿ ಕುಸಿದು ಬೀಳುವವರಿದ್ದಾರೆ. ರಕ್ತ ಕೊಟ್ಟು, ತಿಂಡಿಯ ಜೊತೆಗೇ ಅದು. ಬಿಪಿ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಲು ಹೇಳುತ್ತಾರೆ, ಹಿಂದಿನ ದಿನವೇ ಕೇಳಿಕೊಳ್ಳಿ. ಥೈರಾಯಿಡ್ ಮಾತ್ರೆ ರಕ್ತ ಕೊಟ್ಟ ಮೇಲೆ. ಬಯೋಟಿನ್ ಥೈರಾಯಿಡ್ ವರದಿಯನ್ನು ಏರುಪೇರು ಮಾಡುತ್ತದೆ. ಕನಿಷ್ಠ 2 ದಿನ ಮೊದಲು ನಿಲ್ಲಿಸುವ ಬಗ್ಗೆ ಡಾಕ್ಟರಲ್ಲಿ ಕೇಳಿ.

ಸೋನೋಗ್ರಫಿ (ಊರಿನಲ್ಲಿ ಸ್ಕ್ಯಾನಿಂಗ್ ಅನ್ನುತ್ತಾರೆ, ಇಲ್ಲಿನ ಕೌಂಟರಿನಲ್ಲಿ ಸೋನೋಗ್ರಫಿ ಎಂದರೇ ತಿಳಿಯುತ್ತದೆ): ಹೊಟ್ಟೆಯ ಮೇಲ್ಭಾಗಕ್ಕೆ 6-8 ಗಂಟೆ ಆಹಾರವಿಲ್ಲದೆ ಇರಬೇಕು. ತಿಂದರೆ ಪಿತ್ತಕೋಶ ಕುಗ್ಗಿ ಒಳಗಿನ ಕಲ್ಲು ಸರಿಯಾಗಿ ಕಾಣುವುದಿಲ್ಲ. ಗರ್ಭಕೋಶ, ಮೂತ್ರಕೋಶ, ಪ್ರಾಸ್ಟೇಟಿಗೆ ಮೂತ್ರಕೋಶ ತುಂಬಿರಬೇಕು. ಒಂದು ಗಂಟೆ ಮೊದಲು ಸುಮಾರು ಒಂದು ಲೀಟರ್ ನೀರು. ಪೂರ್ತಿ ಹೊಟ್ಟೆಯ ಸೋನೋಗ್ರಫಿಗೆ ಎರಡೂ: ಆಹಾರವಿಲ್ಲ, ನೀರಿದೆ. ಉಪವಾಸವೆಂದು ನೀರನ್ನೂ ಬಿಟ್ಟು ಬಂದವರು ಅಲ್ಲೇ ಕುಳಿತು ಬಾಟಲಿ ಮೇಲೆ ಬಾಟಲಿ ಕುಡಿಯುತ್ತಿರುತ್ತಾರೆ. ಗರ್ಭಿಣಿಯರ ಸೋನೋಗ್ರಫಿಗೆ ಗುರುತಿನ ಚೀಟಿ ಬೇಕು, ಮಗು ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ಅಪರಾಧ.

ಎಂಆರ್‌ಐ: ಪೇಸ್‌ಮೇಕರ್, ಕಿವಿಯೊಳಗೆ ಕೂರಿಸಿದ ಯಂತ್ರ, ಮೆದುಳಿನ ಆಪರೇಶನ್ನಿನ ಕ್ಲಿಪ್ಪು, ದೇಹದಲ್ಲಿ ಹಾಕಿಸಿದ ರಾಡು ಇದ್ದರೆ ಬುಕಿಂಗ್ ಮಾಡುವಾಗಲೇ ಹೇಳಿ. ಬಳೆ, ಕಾಲುಂಗುರ, ಹೇರ್‌ಪಿನ್ನು, ಕಟ್ಟಿಸಿದ ಹಲ್ಲಿನ ಸೆಟ್ಟು ತೆಗೆಯಬೇಕು. ಮಾಂಗಲ್ಯ ತೆಗೆಯಲು ಹಿರಿಯ ಹೆಂಗಸರು ಒಪ್ಪದೆ ಸ್ಲಾಟೇ ತಪ್ಪಿದ್ದುಂಟು. ಹತ್ತಿ ದಾರಕ್ಕೆ ಅರಿಶಿನ ಕೊಂಬು ಕಟ್ಟಿ ಮನೆಯಿಂದಲೇ ತನ್ನಿ. ಅದನ್ನು ಕಟ್ಟಿಸಿ, ಚಿನ್ನವನ್ನು ಜೊತೆಗಾರರ ಕೊರಳಿಗೆ ಹಾಕಿ. ಕೈಚೀಲದಲ್ಲಿ ಇಡಬೇಡಿ. ಒಳಗೆ ಅರ್ಧ ಗಂಟೆಗೂ ಹೆಚ್ಚು ಅಲುಗಾಡದೆ ಮಲಗಬೇಕು, ಸದ್ದು ಜೋರು. ಇಕ್ಕಟ್ಟಿನ ಭಯ ಇರುವವರು ಅದನ್ನು ಮುಂಚೆ ತಿಳಿಸಿದರೆ ಟೆಕ್ನೀಶಿಯನ್ ಕೈಗೆ ಕರೆಗಂಟೆ ಕೊಟ್ಟು ಆಗಾಗ ಮಾತಾಡಿಸುತ್ತಾರೆ.

ಬಣ್ಣದ ಮದ್ದು ಕೊಟ್ಟು ತೆಗೆಯುವ ಸಿಟಿ ಸ್ಕ್ಯಾನಿಗೆ ಇತ್ತೀಚಿನ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತ ಪರೀಕ್ಷೆ) ವರದಿ ಕೇಳುತ್ತಾರೆ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ನುಂಗುವವರು ಅದನ್ನು ತಿಳಿಸಲೇಬೇಕು.

ಕಫ ಪರೀಕ್ಷೆ: ಟಿಬಿ ಸಂಶಯವಿದ್ದರೆ ಸಾಮಾನ್ಯವಾಗಿ ಎರಡು ಮಾದರಿ ಕೇಳುತ್ತಾರೆ, ಒಂದು ಬೆಳಗ್ಗೆ ಎದ್ದ ಕೂಡಲೇ. ಬರೀ ನೀರಿನಿಂದ ಬಾಯಿ ಮುಕ್ಕಳಿಸಿ, ಆಳವಾಗಿ ಕೆಮ್ಮಿ ಎದೆಯಿಂದ ಬಂದದ್ದನ್ನು ಡಬ್ಬಿಗೆ ಹಾಕಬೇಕು. ಎಂಜಲು ಹಾಕಿದರೆ ಇರುವ ಟಿಬಿಯೂ ಕಾಣಿಸದೆ ಹೋಗಬಹುದು. ಚಾಳಿನ ಪ್ಯಾಸೇಜಿನಲ್ಲಿ, ಎಲ್ಲರೂ ಬಳಸುವ ಬಚ್ಚಲಲ್ಲಿ ಇದನ್ನು ಮಾಡಬೇಡಿ, ಗಾಳಿಯಾಡುವ ತೆರೆದ ಜಾಗದಲ್ಲಿ ಮಾಡಿ. ಮೂತ್ರದ ಕಲ್ಚರಿಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿದು 2 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ.

ಬಯಾಪ್ಸಿ (ದೇಹದ ಚಿಕ್ಕ ತುಣುಕು ತೆಗೆದು ನೋಡುವುದು): ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ತಿಳಿಸಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ, ಸ್ಟೆಂಟ್ ಹಾಕಿಸಿದವರಿಗೆ ಅದು ಪ್ರಾಣಾಪಾಯ. ತೆಗೆದ ತುಣುಕಿನ ಡಬ್ಬಿಯನ್ನು ಬೇರೆ ಲ್ಯಾಬಿಗೆ ಒಯ್ಯಲು ನಿಮ್ಮ ಕೈಗೇ ಕೊಡಬಹುದು. ಡಬ್ಬಿಯ ಮೇಲೆ ಹೆಸರು, ಯಾವ ಜಾಗದ್ದು ಎಂದು ಬರೆದಿದೆಯೇ, ತುಣುಕು ಕೆಡದಂತೆ ಇಡುವ ದ್ರವವಾದ ಫಾರ್ಮಲಿನ್‌ನಲ್ಲಿ ಮುಳುಗಿದೆಯೇ ನೋಡಿ, ಲ್ಯಾಬಿನ ರಸೀದಿಯಿಲ್ಲದೆ ಬಿಟ್ಟು ಬರಬೇಡಿ. ಮುಂದೆ ಕ್ಯಾನ್ಸರ್ ಆಸ್ಪತ್ರೆಯಾದ ಟಾಟಾ ಮೆಮೋರಿಯಲ್‌ನಂಥ ಕಡೆ ಹೋದರೆ ಸ್ಲೈಡು (ತುಣುಕು ಹಚ್ಚಿದ ಗಾಜು) ಮತ್ತು ಬ್ಲಾಕುಗಳನ್ನು (ಮೇಣದಲ್ಲಿ ಕೂರಿಸಿದ ತುಣುಕು) ಮರುಪರೀಕ್ಷೆಗೆ ಕೇಳುತ್ತಾರೆ. ಬರೀ ವರದಿ ಸಾಕಾಗುವುದಿಲ್ಲ.

ಮಂಪರು ಬರಿಸುವ ಮದ್ದು ಕೊಟ್ಟು ಎಂಡೋಸ್ಕೋಪಿ (ಕೊಳವೆ ಇಳಿಸಿ ಹೊಟ್ಟೆಯ ಒಳಗೆ ನೋಡುವುದು) ಮಾಡಿದರೆ ಆ ದಿನ ಸ್ಕೂಟರು ಓಡಿಸುವಂತಿಲ್ಲ, ದೊಡ್ಡ ಕಾಗದಪತ್ರಕ್ಕೆ ಸಹಿಯೂ ಬೇಡ.

ಹಂತ 5: ಹೋಗಿ ಬರುವ ದಾರಿ

ಬೆಳಗ್ಗೆ 8ರಿಂದ 11ರವರೆಗೆ ಸಿಎಸ್‌ಎಂಟಿ, ಚರ್ಚ್‌ಗೇಟ್ ಕಡೆಯ ಲೋಕಲ್‌ನಲ್ಲಿ ಉಪವಾಸವಿರುವ ಹಿರಿಯರನ್ನು ಹತ್ತಿಸಬೇಡಿ. 7ಕ್ಕೆ ಮುಂಚೆ ಹೊರಡಿ, ಅಥವಾ ರಕ್ತದ ಪರೀಕ್ಷೆಯಷ್ಟನ್ನು ಮನೆ ಹತ್ತಿರದ ಲ್ಯಾಬಲ್ಲೇ ಮುಗಿಸಿ. ಕೆಇಎಂ ಆಸ್ಪತ್ರೆ ಮತ್ತು ಟಾಟಾಗೆ ಸೆಂಟ್ರಲ್ ಲೈನಿನವರು ಪರೇಲ್, ವೆಸ್ಟರ್ನ್‌ನವರು ಪ್ರಭಾದೇವಿ. ನಿಲ್ಲಲಾಗದವರು ಫಾಸ್ಟ್ ಹಿಡಿದು ದಾದರಿನಲ್ಲಿ ಇಳಿದು ಟ್ಯಾಕ್ಸಿ ಮಾಡುವುದು ಲೇಸು. ಉಪನಗರದ ರಿಕ್ಷಾ ಸಾಯನ್, ಬಾಂದ್ರಾ ದಾಟಿ ಒಳಗೆ ಬರುವುದಿಲ್ಲ, ಅದನ್ನು ನಂಬಿ ಹೊರಡಬೇಡಿ. ಲೋಕಲ್‌ನ ದಿವ್ಯಾಂಗ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಗರ್ಭಿಣಿಯರಿಗೂ ಅವಕಾಶವಿದೆ, ಕಾಗದ ಜೊತೆಗಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರದ ದೊಡ್ಡ ಭರತದ (ಉಬ್ಬರದ) ದಿನ ಅಪಾಯಿಂಟ್‌ಮೆಂಟ್ ಇದ್ದರೆ ಹಿಂದಿನ ರಾತ್ರಿಯೇ ದಾದರ್, ಮಾಟುಂಗಾ ಕಡೆಯ ಪರಿಚಯದವರ ಮನೆಗೆ ಬಂದು ಉಳಿಯಿರಿ.

ಹಂತ 6: ಪರೀಕ್ಷೆಯ ಹೊತ್ತು

ಸಾಲಿನಲ್ಲಿ ನಿಲ್ಲುವುದು ಬರೆಯುವವರ ಕೆಲಸ, ರೋಗಿಯ ಪಕ್ಕ ಕೂರುವುದು ಜೊತೆಗಾರರದು. ಇಬ್ಬರೂ ಸಾಲಿಗೆ ಓಡಿ ರೋಗಿಯನ್ನು ಬೆಂಚಿನ ಮೇಲೆ ಒಂಟಿ ಬಿಡುವುದು ಸರಕಾರಿ ಆಸ್ಪತ್ರೆಗಳಲ್ಲಿ ದಿನವೂ ಕಾಣುವ ನೋಟ. ದಾರಿ ಗೊತ್ತಾಗದಿದ್ದರೆ ಅಲ್ಲಿನ ಮಾವ್ಶಿ, ಮಾಮಾಗಳನ್ನು (ಆಯಾ, ವಾರ್ಡ್ ಬಾಯ್) ಕೇಳಿ, ಬೋರ್ಡಿಗಿಂತ ಬೇಗ ಹೇಳುತ್ತಾರೆ.

ರಕ್ತ ತೆಗೆದ ಮೇಲೆ ನಿಮ್ಮೆದುರೇ ಟ್ಯೂಬಿಗೆ ಹೆಸರಿನ ಚೀಟಿ ಹಚ್ಚಿದರೇ ನೋಡಿ. ಶೆಟ್ಟಿ, ಪೂಜಾರಿ, ಪಾಟೀಲ ಎಂಬ ಹೆಸರು ಒಂದೇ ಸಾಲಿನಲ್ಲಿ ಮೂರಿರಬಹುದು, ವಯಸ್ಸೂ ಓದಿ. ಚುಚ್ಚಿದ ಜಾಗವನ್ನು ಕೈ ನೆಟ್ಟಗಿಟ್ಟು 3-5 ನಿಮಿಷ ಒತ್ತಬೇಕು. ಮಡಚಿದರೆ ನೀಲಿಗಟ್ಟುತ್ತದೆ.

ಸಕ್ಕರೆ ಕಾಯಿಲೆ ಇದ್ದವರಲ್ಲಿ ಬೆವರು, ಕೈನಡುಕ, ಗೊಂದಲದ ಮಾತು ಕಂಡರೆ ಶುಗರ್ ಇಳಿದಿದೆ ಎಂದೇ ತಿಳಿಯಿರಿ. 3 ಚಮಚ ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಮೇಲೆ ಮತ್ತೆ ನೋಡಿ. ಬಿಸ್ಕತ್ತು ಈ ಕೆಲಸಕ್ಕೆ ನಿಧಾನ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಸಿಬ್ಬಂದಿಯನ್ನು ಕೂಗಿ.

ಹಂತ 7: ವರದಿ ಬರುವವರೆಗಿನ ದಿನಗಳು

ಕೌಂಟರ್ ಬಿಡುವ ಮೊದಲು ಮೂರು ಮಾತು ಬರೆದುಕೊಳ್ಳಿ: ವರದಿ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕಿಟಕಿ. ಲ್ಯಾಬಿಗೆ ಕೊಡುವ ಫೋನ್ ನಂಬರು ಎತ್ತುವವರದ್ದಾಗಿರಲಿ. ಅಪಾಯದ ಅಂಕಿ ಕಂಡರೆ ಅವರು ಆ ದಿನವೇ ಕರೆಯುತ್ತಾರೆ.

ತಡವಾದರೆ ಮನೆಯಲ್ಲಿ ಎಲ್ಲರ ಮನಸ್ಸೂ ಕೆಟ್ಟದ್ದಕ್ಕೇ ಓಡುತ್ತದೆ. ತಡಕ್ಕೆ ಕಾರಣ ಕೆಲಸದ ಬಗೆ. ಬಯಾಪ್ಸಿಯ ತುಣುಕು ಫಾರ್ಮಲಿನ್‌ನಲ್ಲಿ ಗಟ್ಟಿಯಾಗಬೇಕು, ಮೇಣದಲ್ಲಿ ಕೂರಬೇಕು, ತೆಳುವಾಗಿ ಕತ್ತರಿಸಿ ಬಣ್ಣ ಹಾಕಬೇಕು. ಹೆಚ್ಚಿನ ಬಣ್ಣಗಳ ಪರೀಕ್ಷೆ ಬೇಕೆಂದರೆ ಇನ್ನೂ ಕೆಲವು ದಿನ. ಮೂತ್ರದ ಕಲ್ಚರಿಗೆ 2-3 ದಿನ. ಟಿಬಿ ಕಲ್ಚರಿಗೆ ಆರು ವಾರದವರೆಗೂ ಹಿಡಿಯಬಹುದು. ಇದನ್ನು ರೋಗಿಗೆ ಮೊದಲ ದಿನವೇ ಹೇಳಿಡಿ.

ಈ ದಿನಗಳಲ್ಲಿ "ಏನೂ ಆಗೋದಿಲ್ಲ ಬಿಡಿ" ಎನ್ನಬೇಡಿ. ಆ ಮಾತು ಹೇಳಿದವರಿಗೆ ಹಗುರ, ಕೇಳಿದವರಿಗೆ ಬಾಯಿ ಮುಚ್ಚಿಸಿದ ಹಾಗೆ. "ಯಾವುದಕ್ಕೆ ಹೆಚ್ಚು ಭಯ ಆಗ್ತದೆ?" ಎಂದು ಕೇಳಿ ಸುಮ್ಮನಿರಿ. ಬರುವ ಉತ್ತರ ಸಾವಿನ ಬಗ್ಗೆಯೇ ಇರಬೇಕೆಂದಿಲ್ಲ. ಮಗಳ ಮದುವೆಗೆ ಕೂಡಿಟ್ಟ ದುಡ್ಡು ಖರ್ಚಾಗುವುದು, ಸೂಜಿ, ಮಗನ ರಜೆ, ಅಂಗಡಿ ಯಾರು ತೆಗೆಯುವುದು. ಇವಕ್ಕೆಲ್ಲ ದಾರಿ ಇರುತ್ತದೆ. ಮನೆಯ ಮಾಮೂಲಿ ಕೆಲಸವನ್ನು ಅವರ ಕೈಯಿಂದ ಕಸಿಯಬೇಡಿ. ಮಾಡಲು ಆಗುವಷ್ಟು ದಿನ ಹುಳಿ ಅವರೇ ಕುದಿಸಲಿ. ಪರಿಚಯದವರಲ್ಲಿ ಯಾರಿಗೋ ಹೀಗೇ ಆಗಿತ್ತು ಎಂಬ ಕಥೆ ತರುವ ನೆಂಟರನ್ನು ಸುದ್ದಿ ನೋಡಿಕೊಳ್ಳುವವರು ಬಾಗಿಲಲ್ಲೇ ತಡೆಯಬೇಕು.

ನಿದ್ದೆ ಪೂರ್ತಿ ಹೋಗಿದ್ದರೆ, ಊಟ ಬಿಟ್ಟಿದ್ದರೆ, "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಹಂತ 8: ವರದಿ ಕೈಗೆ ಬಂದಾಗ

ಮೊದಲು ಹೆಸರು, ವಯಸ್ಸು, ರಕ್ತ ತೆಗೆದ ದಿನಾಂಕ ಸರಿಯೇ ನೋಡಿ. ಆಮೇಲೆ ಕಪ್ಪಕ್ಷರಗಳತ್ತ (ಸಾಮಾನ್ಯ ವ್ಯಾಪ್ತಿಯ ಹೊರಗಿದೆ ಎಂದು ದಪ್ಪಗೆ ಅಚ್ಚಾದ ಅಂಕಿ) ಹೋಗಿ, ಆದರೆ ಇದೊಂದು ತಿಳಿದಿರಲಿ: ಸಾಮಾನ್ಯ ವ್ಯಾಪ್ತಿ ಎಂದು ಪಕ್ಕದಲ್ಲಿ ಅಚ್ಚಾಗಿರುವುದು ಹೆಚ್ಚಾಗಿ ಆರೋಗ್ಯವಂತರಲ್ಲಿ 95 ಪ್ರತಿಶತ ಜನರ ಅಂಕಿ. ಆರೋಗ್ಯವಾಗಿರುವ 20 ಜನರಲ್ಲಿ ಒಬ್ಬರು ಅದರ ಹೊರಗೇ ಇರುತ್ತಾರೆ. 60 ಅಂಶಗಳ ಪ್ಯಾಕೇಜು ಮಾಡಿಸಿದರೆ ಒಂದೆರಡು ಕಪ್ಪಕ್ಷರ ಬಾರದಿದ್ದರೇ ಆಶ್ಚರ್ಯ. ಪೊಟ್ಯಾಶಿಯಂ ಏರಿದ್ದು, ಕೆಳಗೆ ಮಾದರಿ "ಹೀಮೊಲೈಸ್ಡ್" ಎಂದಿದ್ದರೆ ರಕ್ತಕಣ ಒಡೆದು ಅಂಕಿ ಏರಿರಬಹುದು, ಮತ್ತೆ ಕೊಡಬೇಕು. ಲಕ್ಷಣಗಳಿಲ್ಲದವರಿಗೆ ಫಾಸ್ಟಿಂಗ್ 126 ಅಥವಾ ಎಚ್‌ಬಿಎ1ಸಿ 6.5 ಮುಟ್ಟಿದ್ದು ಇಲ್ಲವೇ ದಾಟಿದ್ದು ಒಂದೇ ಸಲ ಕಂಡರೆ, ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಂಡೇ ಡಯಾಬಿಟಿಸ್ ಎನ್ನುತ್ತಾರೆ.

ಡಾಕ್ಟರ ಕೋಣೆಗೆ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ: ಇದರ ಅರ್ಥವೇನು, ಬೇರೆ ಏನಿರಬಹುದು, ಮುಂದಿನ ಹೆಜ್ಜೆ ಯಾವುದು, ಎಷ್ಟು ದಿನದೊಳಗೆ, ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು. ಸಮಯ ಕಡಿಮೆಯಿದ್ದರೆ ಕೊನೆಯ ಎರಡನ್ನಾದರೂ ಕೇಳಿ.

ಡಾಕ್ಟರು ಮರಾಠಿ, ಹಿಂದಿ ಅಥವಾ ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ, ಅಜ್ಜನಿಗೆ ಕಲಬುರಗಿ ಕನ್ನಡವೊಂದೇ ಬರುತ್ತದೆ. ನಡುವೆ ನಿಂತವರು ಹೇಳಿದ್ದನ್ನು ಹೇಳಿದಷ್ಟೇ ದಾಟಿಸಿ. "ಎದಿ ಹಿಡದಂಗ ಆಗ್ತದ, ಎಡಗೈ ಜಡ ಆಗ್ತದ" ಎಂದದ್ದನ್ನು "ಗ್ಯಾಸ್ ಹೈ" ಎಂದು ಮುಗಿಸಿದರೆ ಹೃದಯದ ಪರೀಕ್ಷೆಯೇ ತಪ್ಪಿಹೋಗಬಹುದು. ಅವರ ಪರವಾಗಿ ಉತ್ತರಿಸಬೇಡಿ, ಬೀಡಿ ಸೇದುವುದನ್ನು ಮುಚ್ಚಿಡಬೇಡಿ. ಮುಗಿದ ಮೇಲೆ ಅಜ್ಜನಿಗೆ ಅರ್ಥವಾದದ್ದನ್ನು ಅವರ ಮಾತಿನಲ್ಲೇ ಒಮ್ಮೆ ಹೇಳಿಸಿ. ಬರೆಯುವವರು ಅದೇ ಸಂಜೆ ನಾಲ್ಕು ಸಾಲಿನ ಸಾರಾಂಶ ಮಾಡಿ, ರೋಗಿ ಒಪ್ಪಿದವರಿಗೆ ಮಾತ್ರ ಕಳಿಸಲಿ. ವರದಿಯ ಫೋಟೊ ಗುಂಪಿಗೆ ಬೇಡ.

ಕಾಯದೆ 108ಕ್ಕೆ ಕರೆ ಮಾಡಬೇಕಾದ ಸೂಚನೆಗಳು

ಎದೆಯ ಒತ್ತಡ ತೋಳಿಗೋ ದವಡೆಗೋ ಹರಡುವುದು, ಜೊತೆಗೆ ತಣ್ಣನೆ ಬೆವರು. ಉಸಿರು ಹಿಡಿಯುವುದು. ಬಾಯಿ ಒಂದು ಕಡೆ ಸೊಟ್ಟಗಾಗಿ, ಕೈ ಎತ್ತಲಾಗದೆ, ಮಾತು ತೊದಲುವುದು (ಲಕ್ವದ ಸೂಚನೆ). ಲಕ್ವಕ್ಕೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಶುರುವಾದ ಹೊತ್ತಿನಿಂದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಆದ್ದರಿಂದ ಅದಕ್ಕೂ ಬೇಗ ಆಸ್ಪತ್ರೆ ಮುಟ್ಟಿ, ಶುರುವಾದ ಸಮಯ ಬರೆದುಕೊಳ್ಳಿ. ಸಿಟಿಯ ಬಣ್ಣದ ಮದ್ದಿನ ನಂತರ ತುಟಿ ಊತ, ಉಬ್ಬಸ.

ಎಂಡೋಸ್ಕೋಪಿ ಅಥವಾ ಬಯಾಪ್ಸಿಯ ನಂತರ ಜ್ವರ, ನಿಲ್ಲದ ರಕ್ತ, ಕಪ್ಪು ಮಲ, ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ನೋಯುವುದು ಕಂಡರೆ ಪರೀಕ್ಷೆ ಮಾಡಿದ ಆಸ್ಪತ್ರೆಗೇ ಅದೇ ದಿನ ಮರಳಿ. ನಾಳೆ ಒಪಿಡಿಗೆ ಎಂದು ಮಲಗಿಸಬೇಡಿ.

ಹಂತ 9: ಖರ್ಚು ಮತ್ತು ಮುಂದಿನ ತಾರೀಕು

ಮಹಾನಗರಪಾಲಿಕೆಯ ಆಪ್ಲಾ ದವಾಖಾನಾ ಎಂಬ ಚಿಕ್ಕ ಚಿಕಿತ್ಸಾಲಯಗಳಲ್ಲಿ ಸಾಮಾನ್ಯ ರಕ್ತ ಪರೀಕ್ಷೆಗಳು ಉಚಿತ, ಅಲ್ಲಿಂದ ಶುರು ಮಾಡಿ. ರಾಜ್ಯ ಸರಕಾರದ ಉಚಿತ ಚಿಕಿತ್ಸೆಯ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಗೆ ಸಾಮಾನ್ಯವಾಗಿ ಮಹಾರಾಷ್ಟ್ರದ ರೇಶನ್ ಕಾರ್ಡು ಕೇಳುತ್ತಾರೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರ (ಯೋಜನೆಯ ಸಹಾಯಕರ) ಮೇಜು ಎಲ್ಲಿದೆ ಎಂದು ಕೇಳಿ. ಕಾರ್ಡು ಇನ್ನೂ ಕರ್ನಾಟಕದ್ದಾಗಿದ್ದರೆ ಆಯುಷ್ಮಾನ್ ಭಾರತ್ ಕಾರ್ಡು ಇದೆಯೇ ನೋಡಿ, ಅದು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಇವೆಲ್ಲ ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಹೊರಗಿನ ಲ್ಯಾಬಿನ ಬಿಲ್ಲು ನಿಮ್ಮದೇ ಎಂದು ಲೆಕ್ಕ ಹಾಕಿ. ಟಿಬಿ ಖಚಿತವಾದರೆ ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ, ಖಾತೆಯ ವಿವರ ಕೊಟ್ಟಿರಬೇಕು. ಊರಿನಿಂದ ಟಾಟಾಗೆ ಬಂದವರು ಅಲ್ಲಿನ ಸಮಾಜ ಸೇವಾ ವಿಭಾಗದಲ್ಲಿ ವಸತಿ ಕೇಳಿ. ದಾದರಿನಲ್ಲಿ ಗಾಡಗೆ ಮಹಾರಾಜ್ ಧರ್ಮಶಾಲೆಯಿದೆ.

ಆಸ್ಪತ್ರೆ ಬದಲಿಸುವುದಾದರೆ ದಾಖಲೆಗಳ ಪ್ರತಿಗೆ ಲಿಖಿತ ಅರ್ಜಿ ಕೊಡಿ, 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ. ಎಲ್ಲ ಸರಿಯಿದೆ ಎಂದು ಬಂದರೂ "ಆರು ತಿಂಗಳ ನಂತರ ಮತ್ತೆ" ಎಂದು ಬರೆದಿದ್ದರೆ ಆ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆಗಲೇ ಗುರುತು ಮಾಡಿ, ಬರೆಯುವವರ ಮೊಬೈಲಿನಲ್ಲೂ ಒಂದು ವಾರ ಮೊದಲಿನ ಅಲಾರಂ ಇಡಿ. ಜೊತೆಗಾರರು ಪ್ರತಿ ಸಲ ಒಬ್ಬರೇ ಆಗುವುದು ಬೇಡ; ತಿಂಗಳಿಗೆ ಎರಡಕ್ಕಿಂತ ಹೆಚ್ಚು ಆಸ್ಪತ್ರೆ ಓಡಾಟವಿದ್ದರೆ ಸರದಿ ಹಾಕಿ, ಫೈಲು ಮಾತ್ರ ಯಾರ ಮನೆಗೂ ಹೋಗದೆ ರೋಗಿಯ ಬಳಿಯೇ ಇರಲಿ.